ಹಿಗ್ಗಲು ಜಾಗ

ಹಿತ್ತಲ ಬೀಟೆಮರ ನಮ್ಮದಲ್ಲ, ಸರ್ಕಾರದ್ದು;
ನಂಬರು ಅದರ ಮೈಮೇಲೇ ಇದೆ.
ನಮ್ಮದು ಇದು: ಗೋಣಿಕೊಪ್ಪದಿಂದ ಜೀಪಿನಲ್ಲಿ ಬಂದ
ಬೀಟೆಯ ಫೋಟೋ, ಹನ್ನೊಂದು ಡಬ್ಬ.

ಎರಡು ದಿನ ಕೋಣೆಯಲ್ಲೇ ಮಲಗಿಸಿದೆವು,
ಇಲ್ಲಿಯ ಥಂಡಿ ಅಭ್ಯಾಸವಾಗಲಿ ಎಂದು.
ಆಮೇಲೆ ನಾನು ಓರೆ ಹಿಡಿದು ಒತ್ತುವುದು,
ಬೆಳ್ಯಪ್ಪ ಮರದ ತುಂಡು ಕೊಟ್ಟು ತಟ್ಟುವುದು.
ಟಕ್.
ಕೂತಿತು.
ಮೂರನೇ ಸಾಲು ಮಾತ್ರ ಕೂರಲೊಲ್ಲದು. ಎತ್ತಿ ನೋಡಿದರೆ
ಸಂದಿಯಲ್ಲಿ ಒಂದೇ ಒಂದು ಕಾಫಿಸಿಪ್ಪೆ.

ಗೋಡೆಯ ಬುಡಕ್ಕೆ ಬಂದಾಗ ಅವನದು ಹಟ:
'ಕೂದಲೆಳೆ ಸಂದೂ ಬೇಡ, ಒತ್ತಿ ಕೂರಿಸೋಣ.'
ಡಬ್ಬದ ಮೇಲಿದ್ದದ್ದನ್ನು ಓದಿ ಹೇಳಿದೆ:
ಹಿಗ್ಗಲು ಜಾಗ ಬಿಡಿ.
ಇಪ್ಪತ್ತೆರಡು ವರ್ಷ
ನಾನಾಗಿ ಹೇಳಿರದ ಮಾತು.

ಅವನು ಏನೂ ಅನ್ನಲಿಲ್ಲ. ಕಿವಿಯ ಪೆನ್ಸಿಲ್ ತೆಗೆದು
ಗೋಡೆಗುಂಟ ಗೆರೆ ಎಳೆದ,
ಹತ್ತು ಮಿಲಿಮೀಟರ್,
ಕೊಂಚ ಜಾಸ್ತಿಯೇ.