ಒಂದು ಚಿಟಿಕೆ ಗುಂಯ್

ಲಿಯೆಪಾಯಾದ ಮಾರ್ಚ್ ಗಾಳಿ
ನನಗಿಂತ ಮೊದಲೇ ಅಂಗಡಿಯ ಬಾಗಿಲು ತೆಗೆಯುತ್ತದೆ.
ಓಯಾರ್ಸ್ ಬಂದ, ಕಂಬಳಿ ಸುತ್ತಿದ ರೇಡಿಯೋ
ಕೂಸಿನ ಹಾಗೆ ಎದೆಗವಚಿ.
ಹಿಂದೆಯೇ ಅವನ ನಾಯಿ, ಕ್ರಾಂಟ್ಸಿಸ್,
ಒಂದು ಕಿವಿ ಹರಿದದ್ದು.

"ಕಣ್ಣು ಹೋಗಿದೆ" ಎಂದ.
ನಾಯಿಯದಲ್ಲ, ರೇಡಿಯೋದ್ದು.
ಸ್ಟೇಷನ್ ಸಿಕ್ಕಿದೊಡನೆ ಹಸಿರಾಗಿ ಕೂಡಿಕೊಳ್ಳುವ
ಆ ಗಾಜಿನ ಕಣ್ಣಿಗೆ ಈಗ ಪೊರೆ ಬಂದಿದೆ.
"ಸ್ವಲ್ಪ ಗುಂಯ್ ಅನ್ನುತ್ತೆ ಕೂಡ. ಅದಿರಲಿ ಬಿಡು."

ಅದಿರಲಿ ಬಿಡು ಅನ್ನುವ ಮಾತು
ರಿಪೇರಿಯವರ ಕಿವಿಗೆ ಬೀಳುವುದಿಲ್ಲ.

ಹಿಂಬದಿಯ ರಟ್ಟು ಬಿಚ್ಚಿದೆ.
ಅರವತ್ತು ವರ್ಷದ ಧೂಳು, ಒಣಗಿದ ಜೇಡ,
ಫ್ಯೂಸಿಗೆ ಯಾರೋ ಸುತ್ತಿದ ಚಾಕಲೇಟಿನ ಬೆಳ್ಳಿಕಾಗದ,
ಸಿಂಬಳದ ಹಾಗೆ ಇಳಿದ ಒಂದು ಬೆಸುಗೆ.
ಯಾವ ಪುಣ್ಯಾತ್ಮನೋ! ಆದರೂ ಹಿಡಿದುಕೊಂಡಿದೆ.
ಮೂಲೆಯಲ್ಲಿ ಹೊಟ್ಟೆಯುಬ್ಬಿದ ಕೆಪಾಸಿಟರ್,
ಅಂಟು ಸುರಿಸುತ್ತ.

ಕಣ್ಣಿಗಾಗಿ ಆರು ವಾರ.
ರೀಗಾದ ಹಳೇ ಸಾಮಾನಿನ ಸಂತೆಯಲ್ಲಿ
ಬೀಗ, ಪದಕ, ಹಲ್ಲುಸೆಟ್ಟುಗಳ ನಡುವೆ ಕೂತವಳು
ಇದೇ ನೋಡು ಅಂತ ಕೊಟ್ಟದ್ದು ಥರ್ಮಾಸಿನ ಬಿರಡೆ.
ದೌಗಾವ್‌ಪಿಲ್ಸ್‌ನವನು ಫೋನಿನಲ್ಲಿ ಹೇಳಿದ ಬೆಲೆಗೆ
ನನ್ನವೆರಡನ್ನೂ ಮಾರಬೇಕಿತ್ತು.
ಕೊನೆಗೆ ಕರೋಸ್ತಾ. ಅಲ್ಲಿ ನೌಕಾಪಡೆಯ ಉಗ್ರಾಣಕ್ಕೆ
ಒಂದು ಕಾಲದಲ್ಲಿ ಲೆಕ್ಕ ಬರೆದ ತೈಸಿಯಾ
ಮಂಚದಡಿಯಿಂದ ಉಣ್ಣೆಯ ಕಾಲುಚೀಲ ಎಳೆದಳು.
ಕಾಲುಚೀಲದೊಳಗೆ ಪೊಟ್ಟಣ, ಪೊಟ್ಟಣದೊಳಗೆ ಕೊಳವೆ.
ಮೊಹರು: ಸಾವಿರದ ಒಂಬೈನೂರ ಅರವತ್ತೊಂದು.
ಅಷ್ಟು ವರ್ಷ ಕತ್ತಲಲ್ಲಿ ಬಿದ್ದಿದ್ದೂ
ಏನನ್ನೂ ನೋಡದ ಕಣ್ಣು.
ದುಡ್ಡು ಮುಟ್ಟಲಿಲ್ಲ ಆಕೆ.
"ಹೊಗೆಮೀನು, ಎರಡು ಡಬ್ಬಿ. ಎಣ್ಣೆಯದು.
ಟೊಮೇಟೊದ್ದು ತಂದರೆ ಮೆಟ್ಟಿಲು ಹತ್ತಬೇಡ."

ನನ್ನ ಹೆಸರು ಸ್ಕೈದ್ರಿತೆ.
ನಮ್ಮ ಮಾತಿನಲ್ಲಿ ಅದು ತಿಳಿನೀರಿನ ತಿಳಿ.
ಹೆಸರಿಗೆ ತಕ್ಕಂತೆ ಕೆಪಾಸಿಟರನ್ನೂ ಕಿತ್ತು ಹೊಸತು ಕೂರಿಸಿದೆ.
ಗುಂಯ್ ಹೋಯಿತು.
ವಾರ್ತೆ ಓದುವವಳು ಉಗುಳು ನುಂಗಿದ್ದೂ ಕೇಳಿಸುವಷ್ಟು ಹೋಯಿತು.
ನಾಲ್ಕು ದಿನ ನಾನು ಬೀಗಿದೆ.

ಐದನೆಯ ದಿನ ಮತ್ತೆ ಕಂಬಳಿ, ಮತ್ತೆ ನಾಯಿ.
"ಕಣ್ಣು ಚೆನ್ನಾಗಿದೆ. ಇವನು ಮಲಗುತ್ತಿಲ್ಲ.
ನನ್ನದು ಮೀನು ಕಾರ್ಖಾನೆಯಲ್ಲಿ ರಾತ್ರಿ ಕಾವಲು.
ಸ್ಟೇಷನ್ ಮುಚ್ಚಿದ ಮೇಲೂ ಅದು ಗುಂಯ್ ಅನ್ನುತ್ತಿತ್ತು,
ಇವನು ಅದರ ಕೆಳಗೇ ಬಿದ್ದಿರುತ್ತಿದ್ದ.
ಈಗ ಬೆಳಗಿನವರೆಗೂ ಬಾಗಿಲು ಕೆರೆಯುತ್ತಾನಂತೆ.
ಹಳೆಯದನ್ನೇ ಹಾಕಿಕೊಡು."

ಹಳೆಯದು ಸಿಡಿಯುತ್ತದೆ, ಮಾರಾಯ.
ನಾಯಿ ಸಮೇತ ಮನೆ ಸುಡುತ್ತದೆ.
ಇಷ್ಟು ಹೇಳಿ ಸಿಟ್ಟಿನಲ್ಲಿ ಡ್ರಾಯರು ಎಳೆದೆ.

ಸಾರಿಗೆ ಉಪ್ಪು ನೋಡುವ ಹಾಗೆ ಆಮೇಲೆ:
ಸ್ವಿಚ್ಚು ಆರಿಸಿ, ಒಳಗೆ ತುಂಬಿದ್ದನ್ನು ಇಳಿಸಿ,
ದೊಡ್ಡದನ್ನು ಬಿಚ್ಚಿ ಚಿಕ್ಕದು ಕಚ್ಚಿಸಿ,
ಕೈ ದೂರವಿಟ್ಟು, ಮತ್ತೆ ಸ್ವಿಚ್ಚು.
ಹೊಸವೇ ಎಲ್ಲ, ಆದರೆ ಸಾಲದವು;
ಬೇಕೆಂದೇ ಸಾಲದವು.
ಇಪ್ಪತ್ತು. ನಾಯಿ ಗೋಡೆ ನೋಡಿತು.
ಹತ್ತು. ಕಿವಿಯೆತ್ತಿತು, ಹರಿದದ್ದನ್ನೇ.
ನನ್ನ ಮೀಟರಿಗೆ ಅದನ್ನು ಅಳೆಯಲು ಬಾರದು.
ಐದು ಹಾಕಿದಾಗ ಎದ್ದು ಬಂತು,
ಬೆಂಚಿನ ಕೆಳಗೆ ಮೂರು ಸುತ್ತು ಸುತ್ತಿ
ದೊಪ್ಪನೆ ಬಿತ್ತು, ಮೂಗನ್ನು ನನ್ನ ಬೂಟಿಗೆ ಒತ್ತಿ.

ಹಸಿರು ಕಣ್ಣಿನ ಅಂಚು ಈಗ ತುಸು ನಡುಗುತ್ತದೆ.
ಅದು ನನಗೆ ಕಾಣುತ್ತದೆ.
ಕಾಣದಂತೆ ಬೆಸುಗೆ ಹಾಕಿದೆ.
ರಸೀದಿಯಲ್ಲಿ "ಕಣ್ಣು, ಒಂದು" ಎಂದು ಬರೆದು
ಮುಂದಿನ ಸಾಲಿಗೆ ಪೆನ್ನು ಹಿಡಿದು ಕೂತೆ.

ಓಯಾರ್ಸ್ ಗಡಿಯಾರ ನೋಡಿದ. ಪಾಳಿಗೆ ತಡವಾಗಿತ್ತು.
ನಾಯಿಯನ್ನು ಎಬ್ಬಿಸಲು ಇಬ್ಬರಿಗೂ ಮನಸ್ಸು ಬರಲಿಲ್ಲ.
ಅವನು ಹೋದ.
ನಾನು ಕಾಲು ಕದಲಿಸದೆ
ಅಲ್ಲೇ ರೊಟ್ಟಿ ಕತ್ತರಿಸಿ ತಿಂದೆ.