ಐದನೇ ಕಿಸೆ

ಜೀನ್ಸ್ ಪ್ಯಾಂಟಿನ ಬಲಗಿಸೆಯೊಳಗ
ಇನ್ನೊಂದು ಪುಟ್ಟ ಕಿಸೆ ಇರತೈತಿ, ನೋಡ್ರಿ.
ಅದನ್ನ ಹೊಲಿಯಾಕಿ ನಾನು.
ಹನ್ನೆರಡು ವರ್ಷಾತು, ಬಳ್ಳಾರಿ ಕೌಲ್ ಬಜಾರಿನ ತಗಡಿನ ಶೆಡ್ಡಿನಾಗ
ಅದೊಂದು ಬಿಟ್ಟು ಬ್ಯಾರೆ ಹೊಲಿದಿಲ್ಲ.
ಅದರಾಗ ಏನು ಇಡತಾರ?
ಗಡಿಯಾರಕ್ಕ ಅಂದ ಒಬ್ಬ, ಚಿಲ್ಲರಿಗೆ ಅಂದ ಇನ್ನೊಬ್ಬ.
ಸುಮ್ಮನ ಇರಲಿ ಅಂತ, ಅಂದಿದ್ಲು ಹಂಪಮ್ಮ.

ಹಂಪಮ್ಮನ ಮಷಿನ್ ನನ್ನ ಎಡಕ್ಕ.
ಉಗಾದಿ ಆದಮ್ಯಾಲೆ ಅದಕ್ಕ ಗಲೀಬು ಹೊದಿಸೇವಿ.
ಎದಿಯಾಗ ಕಡಲಿಕಾಳಿನಷ್ಟು ಇದ್ದದ್ದು
ಬೆನ್ನೆಲುಬಿಗೆ ಹೋಗಿ ಕುಂತೈತಿ.
ಅಷ್ಟು ದೂರದ ದಾರಿ
ಅದಕ್ಕ ಯಾರು ತೋರಿಸಿದರು?

ಹೇಳಿದಾಕಿ ತಸ್ಕೀನ್,
ನಮ್ಮ ಕಟಿಂಗ್ ಮಾಸ್ಟರ್ ಮೌಲಾಸಾಬರ ಮಗಳು.
ಊರ ಹೊರಗಿನ ಲ್ಯಾಬಿನಾಗ ರಾತ್ರಿಪಾಳಿ,
ಬಾಟಲಿಯಾಗ ಜೀವಕಣ ಸಾಕೋ ಕೆಲಸ.
ಅಪ್ಪಗ ಬುತ್ತಿ ಕೊಡಾಕ ಬಂದಾಕಿ
ಕೆಳಗ ಬಿದ್ದ ಕಿಸೆ ಎತ್ತಿಕೊಂಡು, ಒಳಗ ಬೆರಳಿಟ್ಟು,
"ಅಕ್ಕಾ, ಕಣನೂ ಇದನ್ನ ಹೊಲೀತಾವು" ಅಂದ್ಲು.

ಕಿಸೆಯೊಳಗ ಕಿಸೆ. ಎಕ್ಸೋಸೋಮ್ ಅಂತ ಹೆಸರು.
ಒಂದು ಕೂದಲಿನ ಅಡ್ಡಕ್ಕ ಸಾವಿರ ಜೋಡಿಸಬಹುದಂತ.
ಮೊದಲೆಲ್ಲ ಕಸ ಅಂದಿದ್ರಂತ.
ನಾವು ಚಿಂದಿ ಗುಡಿಸಿ ಮೂಲಿಗೆ ದಬ್ಬಿದಂಗ
ಕಣ ತನ್ನ ಚಿಂದಿ ಹೊರಗ ಒಗೀತೈತಿ ಅಂತ.
ಆಮ್ಯಾಲೆ ಯಾರೋ ಬಿಚ್ಚಿ ನೋಡಿದರು:
ಒಳಗ ಸುದ್ದಿ ಇತ್ತು.

ಹುಣ್ಣೂ ಹೊಲೀತೈತಿ, ಅಂದ್ಲು, ದನಿ ಇಳಿಸಿ.
ಮುಂದಾಗಿ ಕಿಸೆ ಕಳಿಸಿ
ಎಲುಬಿನಾಗ ಜಾಗ ಹಸನು ಮಾಡಿಸತೈತಿ,
ಬಾಡಿಗಿ ಮನಿ ನೋಡಾಕ ಮೊದಲು ಆಳು ಕಳಿಸಿದಂಗ.
ಮೈ ಕಾಯೋ ಕಣನೂ ಹೊಲೀತಾವು. ಅವುಗಳ ಕಿಸೆಯಾಗ
ದಬ್ಬಣ ಇರತೈತಿ, ಹುಣ್ಣಿನ ಕಣಕ್ಕ ತೂತು ಹೊಡಿಯಾಕ,
ತೂತಿನಾಗ ಹೊಗಿಸಾಕ ಒಂದು ಚಿಟಿಕಿ ವಿಷ.
ಕಣ ಹೋಗಲಾರದ ಸಂದಿಗೂ
ಕಿಸೆ ಹೋಗತಾವಂತ.

"ಹಂಪಮ್ಮಗ?" ಅಂದೆ.
ಆಕಿ ಕಿಸೆ ಮಡಚಿದ್ಲು, ಬಿಚ್ಚಿದ್ಲು.
"ಇನ್ನೂ ಗಾಜಿನ ತಾಟಿನಾಗ, ಇಲಿಯಾಗ ಐತಕ್ಕ.
ಆಗತೈತಿ ಅಂತ ಹೇಳಾಕ ನನಗ ಬಾಯಿಲ್ಲ."

ಆದರ ರಕ್ತ ಬೇಕಾಗಿತ್ತು ಆಕಿಗೆ,
ಗಟ್ಟಿ ಇದ್ದವರದ್ದು.
ಐತವಾರ ಹೋಗಿ ಕೊಟ್ಟುಬಂದೆ.
ಸಹಿ ಮಾಡಿದ ಹಾಳಿ ಮ್ಯಾಲೆ ನನ್ನ ನೀಲಿ ಬೆರಳು ಮೂಡಿದ್ವು;
ಡೆನಿಮ್ ಬಣ್ಣ, ತೊಳದ್ರ ಹೋಗಂಗಿಲ್ಲ.
ತಸ್ಕೀನ್ ತೋರಿಸಿದ್ಲು, ಗಾಜಿನಾಚೆ, ಸುತ್ತೋ ಮಷಿನ್:
ನಿಮಿಷಕ್ಕ ಲಕ್ಷ ಸುತ್ತು,
ಕಡೀಕ ಕಿಸೆ ತಳಕ್ಕ ಕೂಡತಾವು.
ನನ್ನದು ನಿಮಿಷಕ್ಕ ಐದು ಸಾವಿರ ಹೊಲಿಗಿ,
ಅಷ್ಟಕ್ಕ ಬೆನ್ನು ಹಿಡಕೋತೈತಿ.
"ಸದ್ದು ಕಮ್ಮಿ ಐತಿ" ಅಂದೆ.
ಬ್ಯಾರೆ ಏನನ್ನಬೇಕು ತಿಳೀಲಿಲ್ಲ.

ದೊಡ್ಡಾಸ್ಪತ್ರಿಯಾಗ
ಹಂಪಮ್ಮಗ ಎಲ್ಲಾ ಹೇಳಿದೆ. ಇಲಿ ಸುದ್ದಿನೂ ಮುಚ್ಚಿಡಲಿಲ್ಲ.
ಕಿಟಕಿಯಾಗ ಕೋಟಿಗುಡ್ಡದ ಬಂಡಿ ಬಿಸಲಿಗೆ ಉರೀತಿತ್ತು.
ಕೂದಲಿಲ್ಲದ ತಲಿ ಸವರಿಕೊಂತ ಕೇಳಿದ್ಲು, ಕೇಳಿದ್ಲು,
ಆಮ್ಯಾಲೆ ನಕ್ಕಿದ್ದು ನೋಡಬೇಕಿತ್ತು ನೀವು:
"ಅಲ್ಲೂ ನಿನಗ ಕಿಸೆ ಸೆಕ್ಷನ್ನೇನ?
ಪೀಸಿಗೆ ಎಷ್ಟು ಕೊಡತಾರ?"
ನಗು ಕೆಮ್ಮಾತು. ನರ್ಸಮ್ಮ ಬೈದ್ಲು.
ನೀರು ಕುಡಿಸಿ, ಸೆರಗಿಲೆ ಬಾಯಿ ಒರಸಿ ಬಂದೆ.

ನಿನ್ನೆ ಓನರ್ ಅಂದ:
ಎಡದ ಮಷಿನ್ನಿಗೆ ಹೊಸಬಾಕಿ ಬರತಾಳ.
ಬರಲಿ, ನನ್ನದರ ಮ್ಯಾಲೆ ಕೂಡಲಿ,
ನಾನು ಹಂಪಮ್ಮನದು ತುಳೀತೀನಿ ಅಂದೆ.
ಎಣ್ಣಿ ಬಿಟ್ಟೀನಿ. ಸೂಜಿ ಬದಲಿಸೀನಿ.
ಆಕಿ ಕಾಲಿನ ಅಳತಿಗೆ ಪೆಡಲ್ ಸವದೈತಿ,
ನನ್ನ ಹಿಮ್ಮಡ ಇನ್ನೂ ಕೂಡವಲ್ದು.

ಈಗ ಕರೆಂಟ್ ಹೋಗೈತಿ.
ಹದಿನಾಲ್ಕು ಮಷಿನ್ ಒಮ್ಮೆಲೆ ನಿಂತಾವು.
ಮೌಲಾಸಾಬರು ಬೀಡಿ ಹಚ್ಚಾಕ ಹೊರಗ ಹೋದರು.
ತಸ್ಕೀನಳ ಲ್ಯಾಬಿಗೆ ಜನರೇಟರ್ ಐತಿ.
ಬಾಟಲಿಯಾಗ ನನ್ನವು
ಹೊಲಿಯಾಕ ಹತ್ತಿರಬೇಕು.