ವಾರಸುದಾರರು

ವೂಚ್ ನಗರ, ಟ್ರಾಮ್ ಡಿಪೋದ ಹಿಂಬದಿಯ ಕೋಣೆ.
ಕಳೆದುಹೋದದ್ದೆಲ್ಲ ಕೊನೆಗೆ ಯದ್ವಿಗಾಳ ಕೌಂಟರಿಗೇ ಬರಬೇಕು:
ಕೊಡೆಗಳು, ಒಂಟಿ ಕೈಗವಸು, ಒಮ್ಮೆ ಒಂದು ಹಲ್ಲಿನ ಸೆಟ್ಟು.
ನವೆಂಬರಿನ ಒಂದು ಸಂಜೆ,
ಹನ್ನೊಂದನೇ ಟ್ರಾಮಿನ ಕಡೇ ಸೀಟಿನಿಂದ
ಮೊಸರಿನ ಡಬ್ಬಿಯಲ್ಲಿ ನೆಟ್ಟ ಜೇಡಗಿಡ.

ಬರೆದುಕೊಂಡಳು: ಗಿಡ, ಒಂದು. ಎಲೆ, ಆರು.
ಹಸಿರಿನ ನಡುವೆ ಬಿಳಿ ಗೆರೆ. ಡಬ್ಬಿಗೆ ಬಿರುಕು.
ವಾರಸುದಾರರು, ಎಂದು ಬರೆದು
ಮುಂದೆ ಖಾಲಿ ಬಿಟ್ಟಳು.

ನಿಯಮಾವಳಿಯಲ್ಲಿ ನೀರಿನ ಮಾತಿಲ್ಲ.
ಚಹಾಕ್ಕೆ ಕಾಯಿಸಿ ಉಳಿದದ್ದು, ಆರಿದ ಮೇಲೆ, ಅದರ ಪಾಲಿಗೆ.
ರೇಡಿಯೇಟರಿನ ಶಾಖಕ್ಕೆ ಎಲೆತುದಿ ಕಂದಾದರೆ
ಕತ್ತರಿಸುವಳು, ಮಲಗಿದ ಮಗುವಿನ ಉಗುರು ತೆಗೆದ ಹಾಗೆ.
ಕಿಟಕಿ ಉತ್ತರಕ್ಕೆ. ಬೆಳಕೆಂದರೆ
ಎದುರು ಗೋಡೆಗೆ ಬಡಿದು ಉಳಿದಷ್ಟು.
ಸಾಕಿತ್ತು ಅದಕ್ಕೆ. ದೊಡ್ಡ ಕುಂಡ ಕೇಳಿತು, ಸಿಕ್ಕಿತು.

ಮೇ ತಿಂಗಳಲ್ಲಿ ಉದ್ದನೆಯ ದಂಟೊಂದು ಹೊರಟು
ಸಣ್ಣ ಬಿಳಿ ಹೂ ಬಿಟ್ಟು, ಹೂ ಉದುರಿದಲ್ಲಿ
ಗಾಳಿಯಲ್ಲೇ ತೂಗುವ ಕಂದು.
(ನಮ್ಮ ಮಾತಿನಲ್ಲಿ ಸುಟ್ಟ ತುದಿಯೂ ಕಂದು, ಹುಟ್ಟಿದ ಕೂಸೂ ಕಂದು;
ಅವಳ ಮಾತಿನಲ್ಲಿ ಬೇರೆ ಬೇರೆ ಇರಬೇಕು.)
ಆಮೇಲೆ ಇನ್ನೊಂದು. ಆಮೇಲೆ
ಕೊಡೆಗಳ ಮೇಲೆಲ್ಲ ಎಳೆಬೇರಿನ ತಡಕಾಟ.

ಅಸಲು ಒಂದು, ಬಡ್ಡಿ ಹದಿನೇಳು.
ಯಾರೂ ಕಳೆದುಕೊಳ್ಳದೆ ಇದ್ದದ್ದನ್ನು
ಯಾವ ಕಾಲಮ್ಮಿನಲ್ಲಿ ಬರೆಯುವುದು?
ಮೇಲಧಿಕಾರಿ ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು
"ನೀವು ನನ್ನನ್ನು ಕೇಳಿಲ್ಲ" ಎಂದ.

ಆಮೇಲಿನಿಂದ, ಕೊಡೆ ಸಿಗದೆ ಹೋದವರು
ಕಾಗದದ ಲೋಟದಲ್ಲಿ ಒಂದು ಕಂದು ಹಿಡಿದು
ಮಳೆಯಲ್ಲಿ ನೆನೆಯುತ್ತಾ ಹೋದರು.
ಕೈಗವಸಿನ ಹುಡುಗಿ ಮಾತ್ರ ಎರಡು ಕೇಳಿದಳು,
ಒಂಟಿ ಸಾಕಾಗಿದೆ ಎಂದಳು.

ಎರಡನೇ ಚಳಿಗಾಲ. ಹಿಮ ಕೊಡವುತ್ತಾ ಒಬ್ಬ ಬಂದ.
ಹನ್ನೊಂದನೇ ಟ್ರಾಮು. ಒಂದು ಗಿಡ.
ಆಸ್ಪತ್ರೆಗೆ ಒಯ್ಯುತ್ತಿದ್ದೆ. ಫೋನು ಬಂತು. ಇಳಿದುಬಿಟ್ಟೆ.
ಅಷ್ಟೇ ಹೇಳಿದ. ಯಾರಿಗೆಂದು ಅವಳೂ ಕೇಳಲಿಲ್ಲ,
ಕಪಾಟಿನ ಮೇಲಿಂದ ನೆಲದವರೆಗೆ ಇಳಿದದ್ದನ್ನು ತೋರಿಸಿದಳು.

ಕತ್ತೆತ್ತಿ ನೋಡಿದ. ಅಲ್ಲ.
ನನ್ನದು ಇಷ್ಟೇ ಇತ್ತು, ಎಂದು ಗೇಣು ಮಾಡಿ ತೋರಿಸಿದ.
ರಿಜಿಸ್ಟರ್ ತೆಗೆದು ಓದಿದಳು: ಎಲೆ ಆರು, ಬಿರುಕು.
"ಹೌದು, ಅದೇ! ಎಲ್ಲಿದೆ ಅದು?"

ಯದ್ವಿಗಾ ವಾದಿಸಲಿಲ್ಲ.
ದಂಟುಗಳ ನಡುವೆ ಎಣಿಸುತ್ತಾ ಹುಡುಕಿ
ಆರೆಲೆಯದೊಂದನ್ನು ಕತ್ತರಿಸಿ,
ತನ್ನ ಊಟದ ಮೊಸರಿನ ಡಬ್ಬಿ ತೊಳೆದು, ಮಣ್ಣು ತುಂಬಿ ನೆಟ್ಟು,
ಬೆನ್ನು ಮಾಡಿ ನಿಂತು
ಕತ್ತರಿಯ ತುದಿಯಿಂದ ಸಣ್ಣದೊಂದು ಬಿರುಕು ಕೊಟ್ಟು
ತಂದಿಟ್ಟಳು.

ಸಹಿ ಇಲ್ಲಿ, ಎಂದಳು.